ಅಟ್ಟದ ಕೊಬ್ಬರಿ, ರಾತ್ರಿಯ ಐದು ಪ್ರಶ್ನೆ

ನನ್ನ ವಿದ್ಯಾರ್ಥಿಗಳು ರಾತ್ರಿ ಮೊಬೈಲಿನಲ್ಲಿ ಉತ್ತರಿಸುವ ಐದು ಪ್ರಶ್ನೆಗಳಲ್ಲಿ ಮೂರನೆಯದಕ್ಕೆ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಪ್ಪು ಉತ್ತರ ಕೊಟ್ಟಿದ್ದರು. ಬೆಳಿಗ್ಗೆ ಆರೂವರೆಗೆ ಒಲೆಯ ಮೇಲೆ ಹಾಲಿಟ್ಟು ಮೊಬೈಲ್ ತೆರೆದರೆ ಸಾಲಾಗಿ ಕೆಂಪು ಗುರುತುಗಳು. ಎರಡು ವಾರ ಪೂರೈಕೆಯ ನಿಯಮವನ್ನೇ ಪಾಠ ಮಾಡಿದ್ದೆ. ಹಲಗೆಯ ಮೇಲೆ ರೇಖೆ ಎಳೆದು, ಕೋಷ್ಟಕ ಬರೆಸಿ, ‘ಬೆಲೆ ಏರಿದರೆ ಪೂರೈಕೆ ಏರುತ್ತದೆ, ಬೆಲೆ ಇಳಿದರೆ ಪೂರೈಕೆ ಇಳಿಯುತ್ತದೆ’ ಎಂದು ಎಲ್ಲರ ಬಾಯಲ್ಲೂ ಹೇಳಿಸಿದ್ದೆ. ಅಷ್ಟಾದ ಮೇಲೂ ಹೀಗೇ ಎಂದು ಮನಸ್ಸು ಮುದುಡಿತು.

ನಾನು ತುಮಕೂರು ಜಿಲ್ಲೆಯ ತಿಪಟೂರು ಸೀಮೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಕನ್ನಡ ಮಾಧ್ಯಮದ ಬಿ.ಎ. ತರಗತಿಗಳು. ಹೊನ್ನವಳ್ಳಿ, ಕಿಬ್ಬನಹಳ್ಳಿ, ನೊಣವಿನಕೆರೆ, ಬಿಳಿಗೆರೆ ಕಡೆಯವರು ಬಸ್ಸಿನಲ್ಲಿ, ಕರಡಿ, ಬಾಣಸಂದ್ರದ ಕಡೆಯವರು ರೈಲಿನಲ್ಲಿ ಬರುತ್ತಾರೆ. ಹೆಚ್ಚಿನವರ ಮನೆಗೆ ತೆಂಗಿನ ತೋಟವಿದೆ. ತೋಟವಿಲ್ಲದ ಮನೆಗಳಲ್ಲಿ ಕಾಯಿ ಸುಲಿಯುವವರೋ, ಕೊಬ್ಬರಿ ಮೂಟೆ ಹೊರುವವರೋ ಇದ್ದಾರೆ. ಅದಕ್ಕಾಗಿಯೇ ಪ್ರಶ್ನೆಯನ್ನು ಪಠ್ಯಪುಸ್ತಕದ ಗೋಧಿ, ಬಟ್ಟೆಯ ಮೇಲೆ ಕೇಳದೆ ಕೊಬ್ಬರಿಯ ಮೇಲೆ ಕೇಳಿದ್ದೆ: ‘ಕೊಬ್ಬರಿಯ ಬೆಲೆ ದಿನದಿಂದ ದಿನಕ್ಕೆ ಏರುತ್ತಿದೆ. ಮಾರುಕಟ್ಟೆಗೆ ಬರುವ ಕೊಬ್ಬರಿ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ, ಇದ್ದಷ್ಟೇ ಇರುತ್ತದೆಯೇ?’ ‘ಹೆಚ್ಚುತ್ತದೆ’ ಎಂಬುದನ್ನು ಸರಿಯುತ್ತರವೆಂದು ಗುರುತು ಮಾಡಿಟ್ಟಿದ್ದೆ. ಮಕ್ಕಳು ‘ಕಡಿಮೆಯಾಗುತ್ತದೆ’ ಎಂಬುದನ್ನು ಒತ್ತಿದ್ದರು. ಯಂತ್ರ ಸೊನ್ನೆ ಕೊಟ್ಟಿತ್ತು.

ಪಾಠವನ್ನು ಮೊದಲಿನಿಂದ ಮತ್ತೆ ಮಾಡುವುದೆಂದು ತರಗತಿಗೆ ಹೋಗಿ ಸೀಮೆಸುಣ್ಣ ಕೈಗೆತ್ತಿಕೊಂಡೆ. ಅದೇಕೋ, ರೇಖೆ ಎಳೆಯುವ ಮೊದಲು, ‘ಕಡಿಮೆಯಾಗುತ್ತದೆ ಎಂದವರು ಏಕೆ ಹಾಗೆಂದಿರಿ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಕಿಬ್ಬನಹಳ್ಳಿ ಕಡೆಯ ಹುಡುಗನೊಬ್ಬ ಎದ್ದು ನಿಂತ. ‘ಬೆಲೆ ಏರುವಾಗ ನಮ್ಮಪ್ಪ ಅಟ್ಟದಿಂದ ಕಾಯಿ ಇಳಿಸುವುದಿಲ್ಲ, ಮೇಡಂ. ಇನ್ನೂ ಏರಲಿ ಎಂದು ಕಾಯುತ್ತಾರೆ. ಇಳಿಯಲು ಶುರುವಾದಾಗ ಊರಿನವರೆಲ್ಲ ಒಟ್ಟಿಗೆ ಸುಲಿಸುತ್ತಾರೆ.’ ಹಿಂದಿನ ಬೆಂಚುಗಳಲ್ಲಿ ತಲೆಗಳು ಹೌದೆಂದು ಆಡಿದವು. ಮೂರು ವರ್ಷದಲ್ಲಿ ಒಮ್ಮೆಯೂ ಮಾತಾಡದೆ ಪದವಿ ಮುಗಿಸಿ ಹೋಗುವ ಬೆಂಚುಗಳವು.

ಈ ಕಡೆಯವರಲ್ಲದ ಓದುಗರಿಗಾಗಿ ಹೇಳುತ್ತೇನೆ. ಉಂಡೆ ಕೊಬ್ಬರಿ ಮರದಿಂದ ನೇರವಾಗಿ ಬರುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು, ಕಾಯಿಯನ್ನು ಅಲ್ಲಾಡಿಸಿದರೆ ಉಂಡೆ ಗಡಗಡ ಎನ್ನಬೇಕು. ಅಲ್ಲಿಯವರೆಗೆ ಆ ಮನೆಯ ವರ್ಷದ ದುಡಿಮೆ ಮನೆಯವರ ತಲೆಯ ಮೇಲೆಯೇ ಮಲಗಿರುತ್ತದೆ. ಒಣಗಿದ ಮೇಲೂ ತಕ್ಷಣ ಇಳಿಸಬೇಕೆಂದಿಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಮಾರುಕಟ್ಟೆ ಅದಕ್ಕಿಂತ ಕೆಳಗಿದ್ದಾಗ ಏನು ಮಾಡಬೇಕು, ಮೇಲಿದ್ದಾಗ ಎಷ್ಟು ದಿನ ತಡೆಯಬೇಕು ಎಂಬ ಲೆಕ್ಕಾಚಾರ ಈ ಮಕ್ಕಳ ಮನೆಗಳಲ್ಲಿ ಊಟದ ಹೊತ್ತಿನ ಮಾತು. ಚಿಕ್ಕಂದಿನಿಂದ ಅದನ್ನು ಕೇಳುತ್ತಲೇ ಬೆಳೆದಿದ್ದಾರೆ.

ಹಾಗಾದರೆ ಪೂರೈಕೆಯ ನಿಯಮ ಸುಳ್ಳೇ? ಅಲ್ಲ. ಆ ನಿಯಮಕ್ಕೆ ‘ಇತರ ಸಂಗತಿಗಳು ಸ್ಥಿರವಾಗಿದ್ದರೆ’ ಎಂಬ ಷರತ್ತು ಇದೆ. ಪ್ರತಿ ವರ್ಷ ಅದನ್ನು ನಾನೂ ಹೇಳುತ್ತೇನೆ, ಮಕ್ಕಳೂ ಬರೆದುಕೊಳ್ಳುತ್ತಾರೆ, ಅಲ್ಲಿಗೆ ಅದು ಮುಗಿಯುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಆ ಷರತ್ತನ್ನು ದೊಡ್ಡಿ ಎಂದು ಕರೆದಿದ್ದರು. ಅಡ್ಡಾಡಿ ತೊಂದರೆ ಕೊಡುವ ಕಾರಣಗಳನ್ನು ಸದ್ಯಕ್ಕೆ ದೊಡ್ಡಿಯಲ್ಲಿ ಕೂಡಿಹಾಕಿ, ಒಂದೊಂದನ್ನೇ ಹೊರಗೆ ಬಿಟ್ಟು ನೋಡುವುದು ಅವರ ಕ್ರಮ. ‘ನಾಳೆ ಇನ್ನೂ ಏರೀತು’ ಎಂಬ ನಿರೀಕ್ಷೆ ಅಂಥದ್ದೊಂದು ಕಾರಣ. ನನ್ನ ಪ್ರಶ್ನೆಯಲ್ಲಿ ‘ದಿನದಿಂದ ದಿನಕ್ಕೆ ಏರುತ್ತಿದೆ’ ಎಂದು ಬರೆದ ನಾನೇ ದೊಡ್ಡಿಯ ಬಾಗಿಲು ತೆರೆದಿದ್ದೆ. ಮಕ್ಕಳು ಪ್ರಶ್ನೆಯನ್ನು ನನಗಿಂತ ಸೂಕ್ಷ್ಮವಾಗಿ ಓದಿದ್ದರು. ಅಂದು ದೊಡ್ಡಿಯ ಮಾತು ತೆಗೆದು ಆ ಷರತ್ತನ್ನು ವಿವರಿಸಿದಾಗ ಅದು ಅವರ ಮುಖದ ಮೇಲೆ ಹೊಳೆದದ್ದನ್ನು ನೋಡಿದೆ. ಮಧ್ಯಾಹ್ನ ಮೂರನೆಯ ಪ್ರಶ್ನೆಯ ಅಂಕಗಳನ್ನು ನನ್ನ ಕೈಯಿಂದಲೇ ತಿದ್ದಿದೆ.

ಹದಿನೆಂಟು ವರ್ಷದಿಂದ ಈ ಅಧ್ಯಾಯ ಕಲಿಸುತ್ತಿದ್ದೇನೆ. ಅಷ್ಟೂ ವರ್ಷ ಅಟ್ಟಗಳಿದ್ದ ಮನೆಗಳಿಂದಲೇ ಮಕ್ಕಳು ಬಂದಿದ್ದರು. ಆದರೂ ಅಟ್ಟದ ಮಾತು ಒಮ್ಮೆಯೂ ನನ್ನ ಕಿವಿಗೆ ಬಿದ್ದಿರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಐದಾರು ಮಂದಿ ಪುಸ್ತಕದ ಉತ್ತರ ಹೇಳುತ್ತಾರೆ, ಉಳಿದವರು ಅದನ್ನು ಬರೆದುಕೊಳ್ಳುತ್ತಾರೆ, ನಾನು ಮುಂದಿನ ಪುಟಕ್ಕೆ ಹೋಗುತ್ತೇನೆ. ಪ್ರತಿಯೊಬ್ಬರೂ ಬೇರೆಯವರ ಉತ್ತರ ಕೇಳುವ ಮೊದಲೇ ತಮ್ಮ ಉತ್ತರ ಕೊಡುವಂತಾದದ್ದು, ಅಷ್ಟೂ ಉತ್ತರಗಳನ್ನು ನಾನು ತರಗತಿಗೆ ಹೋಗುವ ಮೊದಲೇ ಒಟ್ಟಿಗೆ ನೋಡುವಂತಾದದ್ದು ಆ ಮೊಬೈಲ್ ಪರೀಕ್ಷೆಯಿಂದ. ವೆಬ್ ತಂತ್ರಜ್ಞಾನ ಎಂದರೆ ನಮ್ಮ ಪಾಠವನ್ನು ಮಕ್ಕಳಿಗೆ ಮುಟ್ಟಿಸುವ ಸಾಧನ ಎಂದೇ ನಾವು ಬಹುತೇಕ ಅಧ್ಯಾಪಕರು ತಿಳಿದಿದ್ದೇವೆ. ಮಕ್ಕಳ ತಿಳಿವಳಿಕೆಯನ್ನು ನಮಗೆ ಮುಟ್ಟಿಸಲು ಅದನ್ನು ಬಳಸಬೇಕು. ಈ ಮಾತು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಅದಕ್ಕಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದಾಗ ಎಲ್ಲರಂತೆ ನಾನೂ ವಾಟ್ಸ್‌ಆ್ಯಪ್ ಗುಂಪು ಮಾಡಿದೆ. ಟಿಪ್ಪಣಿಗಳ ಪಿಡಿಎಫ್ ಹಾಕಿದೆ. ಗೋಡೆಗೆ ಹಲಗೆ ಆನಿಸಿ, ಮಗಳ ಕೈಗೆ ಮೊಬೈಲ್ ಕೊಟ್ಟು ವಿಡಿಯೊ ಮಾಡಿ ಹಾಕಿದೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಕಡತಗಳಿದ್ದವು. ‘ಥ್ಯಾಂಕ್ಯೂ ಮೇಡಂ’ ಎಂಬ ಸಂದೇಶಗಳು ಬರುತ್ತಿದ್ದವು. ಯಾರು ಓದಿದರು, ಯಾರಿಗೆ ಎಷ್ಟು ತಿಳಿಯಿತು, ಯಾರ ಮೊಬೈಲಿನಲ್ಲಿ ಕಡತ ತೆರೆಯಿತು ಎಂಬುದೊಂದೂ ನನಗೆ ಗೊತ್ತಾಗಲಿಲ್ಲ. ಕೊಡುವುದು ನನ್ನ ಕೆಲಸ, ಕೊಟ್ಟಿದ್ದೇನೆ ಎಂಬ ಸಮಾಧಾನ ಮಾತ್ರ ಇತ್ತು. ಆ ಸಮಾಧಾನಕ್ಕೆ ಯಾವ ಆಧಾರವೂ ಇರಲಿಲ್ಲವೆಂದು ಈಗ ಅನ್ನಿಸುತ್ತದೆ.

ತೆರೆಯದ ಕಡತಗಳ ಕಥೆ ಆರು ತಿಂಗಳ ನಂತರ ಗೊತ್ತಾಯಿತು. ನನ್ನ ಹಳೆಯ ಟಿಪ್ಪಣಿಗಳೆಲ್ಲ ಹಿಂದಿನ ನುಡಿ ತಂತ್ರಾಂಶದ ಫಾಂಟುಗಳಲ್ಲಿ ಬೆರಳಚ್ಚು ಮಾಡಿದವು. ಕೆಲವನ್ನು ಪಿಡಿಎಫ್ ಮಾಡದೆ ವರ್ಡ್ ಕಡತವಾಗಿಯೇ ಕಳಿಸಿದ್ದೆ. ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು ಕಾಣುತ್ತಿದ್ದವು. ಮಕ್ಕಳು ಅದನ್ನು ನನಗೆ ಹೇಳಲಿಲ್ಲ, ತಮ್ಮ ಮೊಬೈಲೇ ಸರಿಯಿಲ್ಲ ಎಂದುಕೊಂಡರು. ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿಯಾದ, 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಸುಮಾರು ಮೂವತ್ತು ವರ್ಷವಾದರೂ ನನ್ನ ಟಿಪ್ಪಣಿಗಳು ಅಲ್ಲಿಗೆ ಬಂದಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಪರಿವರ್ತಕ ತಂತ್ರಾಂಶ ಇಟ್ಟುಕೊಂಡು, ತಪ್ಪಾಗಿ ಬಂದ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿ, ಎಲ್ಲವನ್ನೂ ಯೂನಿಕೋಡ್‌ಗೆ ತಂದೆ. ನನ್ನ ವೃತ್ತಿಯಲ್ಲಿ ಮಾಡಿದ ಕೆಲಸಗಳಲ್ಲಿ ಇದನ್ನು ಬಹಳ ಮುಖ್ಯವಾದದ್ದೆಂದು ಎಣಿಸುತ್ತೇನೆ. ಹುಡುಕಲು ಬಾರದ, ನಕಲಿಸಲು ಬಾರದ, ಕುರುಡರ ಓದು ತಂತ್ರಾಂಶಕ್ಕೆ ಓದಲು ಬಾರದ ಅಕ್ಷರ ಕಾಗದದ ಮೇಲಿನ ಮಸಿಗಿಂತ ಹೆಚ್ಚಿನದೇನೂ ಅಲ್ಲ.

ಮೂಡಲ್ ಎಂಬ ಹೆಸರನ್ನು ನನಗೆ ಹೇಳಿದವರು ಕಂಪ್ಯೂಟರ್ ವಿಭಾಗದ ಸಹೋದ್ಯೋಗಿ. ಅದು ಕಲಿಕೆಯನ್ನು ನಿರ್ವಹಿಸುವ ತಂತ್ರಾಂಶ. ಪಾಠ, ಪ್ರಶ್ನೆ, ಚರ್ಚೆ, ಪದಕೋಶ, ಅಂಕಪಟ್ಟಿ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಿಕೊಳ್ಳಬಹುದು. ಅದನ್ನು ಕಟ್ಟಿದ ಮಾರ್ಟಿನ್ ಡೌಗಿಯಾಮಸ್ ಮೊದಲ ಪೂರ್ಣ ಆವೃತ್ತಿಯನ್ನು ಬಿಡುಗಡೆ ಮಾಡಿದ್ದು 2002ರಲ್ಲಿ. ಅವರು ಬೆಳೆದದ್ದು ಆಸ್ಟ್ರೇಲಿಯಾದ ಮರುಭೂಮಿಯ ನಡುವಿನ ಸಣ್ಣ ವಸತಿಯೊಂದರಲ್ಲಿ. ಶಾಲೆ ನೂರಾರು ಮೈಲಿ ದೂರ, ಪಾಠ ರೇಡಿಯೊ ಮೂಲಕ ಬರುತ್ತಿತ್ತು. ದೂರ ಎಂಬುದು ಕಲಿಯುವವನಿಗೆ ಏನು ಮಾಡುತ್ತದೆ ಎಂಬುದನ್ನು ಬಾಲ್ಯದಲ್ಲೇ ಉಂಡವರು ಕಟ್ಟಿದ ತಂತ್ರಾಂಶವಿದು. ಇದನ್ನು ತಿಳಿದ ದಿನದಿಂದ ಅದರ ಮೇಲೆ ನನಗೊಂದು ಬಗೆಯ ಆಪ್ತತೆ. ಪರರು ನೋಡಲೆಂದು ಏನನ್ನಾದರೂ ಕಟ್ಟುವಾಗ ಮನುಷ್ಯ ಚೆನ್ನಾಗಿ ಕಲಿಯುತ್ತಾನೆ ಎಂಬ ನಂಬಿಕೆ ಅದರ ರಚನೆಯ ಹಿಂದಿದೆ.

ಸಹೋದ್ಯೋಗಿ ಬಾಡಿಗೆಯ ಸಣ್ಣ ಸರ್ವರ್ ಹಿಡಿದು ಅದನ್ನು ಸ್ಥಾಪಿಸಿಕೊಟ್ಟರು. ಖರ್ಚನ್ನು ನಾವು ನಾಲ್ವರು ಅಧ್ಯಾಪಕರು ಹಂಚಿಕೊಂಡೆವು. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ ಮೊಬೈಲ್ ಆ್ಯಪ್‌ನಲ್ಲಿರುವ ಒಂದು ಚಿಕ್ಕ ಸೌಲಭ್ಯ. ಅಧ್ಯಾಪಕರು ಅನುಮತಿ ಕೊಟ್ಟರೆ, ಪ್ರಶ್ನೆಗಳನ್ನು ಸಂಪರ್ಕವಿರುವಲ್ಲಿ ಇಳಿಸಿಕೊಂಡು ಸಂಪರ್ಕವಿಲ್ಲದಲ್ಲಿ ಉತ್ತರಿಸಬಹುದು. ಮತ್ತೆ ಸಿಗ್ನಲ್ ಸಿಕ್ಕಾಗ ಉತ್ತರಗಳು ಸರ್ವರ್‌ಗೆ ಸೇರಿಕೊಳ್ಳುತ್ತವೆ. ಮಕ್ಕಳು ಸಂಜೆ ಕಾಲೇಜಿನಲ್ಲೇ ಪ್ರಶ್ನೆ ಇಳಿಸಿಕೊಂಡು ಹೊರಡುತ್ತಾರೆ. ರೈಲಿನಲ್ಲಿ, ತೋಟದಲ್ಲಿ, ಮನೆಯಲ್ಲಿ ಉತ್ತರಿಸುತ್ತಾರೆ. ಈ ಸೌಲಭ್ಯದ ಬಗ್ಗೆ ಯಾರೂ ದೊಡ್ಡದಾಗಿ ಮಾತಾಡುವುದಿಲ್ಲ. ವಿಡಿಯೊ ಸ್ಟುಡಿಯೊ, ಸ್ಮಾರ್ಟ್ ಹಲಗೆಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಎನ್ನುತ್ತಾರೆ. ತೆಂಗಿಗೆ ಕೊರತೆಯಿಲ್ಲದ ನಮ್ಮ ಊರಿನಲ್ಲಿ ಅಡುಗೆ ಮಾಡುವವರ ಕೈಗುಣವೇ ಮುಖ್ಯ ಎಂಬುದು ಎಲ್ಲರಿಗೂ ಗೊತ್ತು. ಸಲಕರಣೆಗೆ ಹಣ ಮಂಜೂರು ಮಾಡುವವರಿಗೂ ಅದು ಗೊತ್ತಾಗಬೇಕು.

ರಾತ್ರಿಗೆ ಐದೇ ಪ್ರಶ್ನೆ. ಮೂರು ಇಂದಿನ ಪಾಠದಿಂದ, ಒಂದು ಕಳೆದ ವಾರದಿಂದ, ಒಂದು ಕಳೆದ ತಿಂಗಳಿನಿಂದ. ಅಂಕಗಳನ್ನು ಆಂತರಿಕ ಮೌಲ್ಯಮಾಪನಕ್ಕೆ ಸೇರಿಸುವುದಿಲ್ಲ. ಹಳೆಯ ಪಾಠದಿಂದ ಏಕೆ ಎಂದು ಮಕ್ಕಳು ಮೊದಲು ಗೊಣಗಿದರು. ಅವರಿಗೆ ಒಂದು ಪ್ರಯೋಗದ ಕಥೆ ಹೇಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನವದು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಓದಲು ಕೊಟ್ಟರು. ಕೆಲವರು ಅದನ್ನು ಮತ್ತೊಮ್ಮೆ ಓದಿದರು. ಕೆಲವರು ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಲೆಕೆಳಗಾಯಿತು. ಪುಸ್ತಕ ಮುಚ್ಚಿ ಬರೆದವರಿಗೆ ಶೇ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ 42ರಷ್ಟು.

ಇದನ್ನು ಕೇಳಿದ ಹುಡುಗಿಯೊಬ್ಬಳು, ‘ಹಾಗಾದರೆ ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ಓದಿದಾಗ ಎಲ್ಲ ಬಂದಂತೆ ಅನ್ನಿಸುವುದು ಸುಳ್ಳೇ, ಮೇಡಂ?’ ಎಂದಳು. ಸುಳ್ಳಲ್ಲ, ಆ ರಾತ್ರಿಯ ಮಟ್ಟಿಗೆ ನಿಜ ಎಂದೆ. ಓದಿದ್ದು ಪರಿಚಿತವಾಗಿ ಕಾಣುವುದನ್ನೇ ನಾವು ಕಲಿತದ್ದೆಂದು ತಿಳಿಯುತ್ತೇವೆ. ಪಿಡಿಎಫ್ ಮತ್ತು ವಿಡಿಯೊಗಳ ರಾಶಿಯ ಅಪಾಯವೂ ಇಲ್ಲೇ ಇದೆ. ಚೆಂದದ ವಿಡಿಯೊ ನೋಡುವಾಗ ಎಲ್ಲವೂ ಸಲೀಸಾಗಿ ಅರ್ಥವಾದಂತೆ ಅನ್ನಿಸುತ್ತದೆ. ಅದು ಅರ್ಥವಾಗಿದೆಯೋ ಇಲ್ಲವೋ ಎಂದು ತಿಳಿಯಲು ವಿಡಿಯೊ ನಿಲ್ಲಿಸಿ ಯಾರಾದರೂ ಪ್ರಶ್ನೆ ಕೇಳಬೇಕು. ಸೀಮಾಂತ ತುಷ್ಟಿಗುಣವನ್ನು, ಎಂದರೆ ಒಂದು ವಸ್ತುವನ್ನು ಇನ್ನೂ ಒಂದರಷ್ಟು ಬಳಸಿದಾಗ ಸಿಗುವ ಹೆಚ್ಚಿನ ತೃಪ್ತಿಯನ್ನು, ವಿಡಿಯೊದಲ್ಲಿ ಮೂರು ಸಲ ನೋಡಿದ ಹುಡುಗ, ನಾಲ್ಕನೆಯ ಮುದ್ದೆ ಉಣ್ಣುವಾಗ ತನಗೆ ಆಗುವುದಕ್ಕೂ ಅದಕ್ಕೂ ಏನು ಸಂಬಂಧ ಎಂದು ಬರೆಯಲು ಕುಳಿತಾಗಲೇ ತಡವರಿಸಿದ. ಆ ತಡವರಿಕೆಯಲ್ಲೇ ಅವನು ಅದನ್ನು ಕಲಿತ.

ಈ ತಂತ್ರಾಂಶ ಇನ್ನೊಂದು ಸಂಗತಿಯನ್ನೂ ದಾಖಲಿಸುತ್ತದೆ: ಯಾರು ಎಷ್ಟು ಹೊತ್ತಿಗೆ ಉತ್ತರಿಸಿದರು ಎಂಬುದನ್ನು. ಮೊದಲು ರಾತ್ರಿ ಹತ್ತು ಗಂಟೆಯನ್ನು ಗಡುವಾಗಿ ಇಟ್ಟಿದ್ದೆ. ಹೊನ್ನವಳ್ಳಿ ಕಡೆಯ ಹುಡುಗಿಯೊಬ್ಬಳು ವಾರದಲ್ಲಿ ನಾಲ್ಕು ದಿನ ಗಡುವು ತಪ್ಪಿಸುತ್ತಿದ್ದಳು. ತರಗತಿಯಲ್ಲಿ ಜಾಣೆ, ಮನೆಯಲ್ಲಿ ಸೋಮಾರಿ ಎಂದುಕೊಂಡೆ, ಒಂದು ದಿನ ಎಲ್ಲರೆದುರು ಸ್ವಲ್ಪ ಬಿರುಸಾಗಿ ಹೇಳಿಯೂಬಿಟ್ಟೆ. ಅವಳು ತಲೆ ತಗ್ಗಿಸಿದಳೇ ಹೊರತು ಏನೂ ಹೇಳಲಿಲ್ಲ. ಆಮೇಲೆ ಅವಳ ಗೆಳತಿ ಸ್ಟಾಫ್ ರೂಮಿಗೆ ಬಂದು ಹೇಳಿದಳು. ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್, ಅದು ಅಣ್ಣನದು. ಅಣ್ಣ ಗೂಡ್ಸ್ ಟೆಂಪೊ ಓಡಿಸುತ್ತಾನೆ, ಅವನು ಬಂದು ಉಂಡು ಮಲಗಿದ ಮೇಲೆ ಫೋನು ಇವಳ ಕೈಗೆ ಬರುತ್ತದೆ. ಅವನು ರಾತ್ರಿ ಬಾರದ ದಿನ ಫೋನೂ ಬರುವುದಿಲ್ಲ.

ಅವಳ ಹತ್ತಿರ ಕ್ಷಮೆ ಕೇಳಿದೆ, ಎಲ್ಲರೆದುರೇ ಕೇಳಿದೆ. ಬಿರುಸಾಗಿ ಮಾತಾಡಿದ್ದೂ ಎಲ್ಲರೆದುರೇ ಆಗಿತ್ತಲ್ಲ. ಗಡುವನ್ನು ಮರುದಿನ ಬೆಳಿಗ್ಗೆ ಎಂಟಕ್ಕೆ ಬದಲಿಸಿದೆ. ಗ್ರಂಥಾಲಯದ ಎರಡು ಕಂಪ್ಯೂಟರುಗಳನ್ನು ಬೆಳಿಗ್ಗೆ ಒಂಬತ್ತರಿಂದ ತೆರೆದಿಡಲು ಗ್ರಂಥಪಾಲಕರನ್ನು ಕೇಳಿಕೊಂಡೆ, ಫೋನ್ ಸಿಗದವರು ಗಡುವು ದಾಟಿದರೂ ಅಲ್ಲಿ ಬರೆಯಬಹುದೆಂದೆ. ಆಮೇಲಿನ ದಾಖಲೆಯಲ್ಲಿ ಅವಳ ಉತ್ತರಗಳು ಬೆಳಗಿನ ಜಾವ ನಾಲ್ಕೂವರೆ, ಐದಕ್ಕೆ ಬರತೊಡಗಿದವು. ಅಣ್ಣ ಏಳುವ ಮೊದಲು. ಆ ವೇಳೆಯನ್ನು ನೋಡಿದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಯಂತ್ರ ವೇಳೆಯನ್ನು ನಿಖರವಾಗಿ ಹೇಳಿತು, ಕಾರಣ ಹೇಳಲಿಲ್ಲ. ಮಕ್ಕಳ ‘ಚಟುವಟಿಕೆ’ಯನ್ನು ಅಂಕಿಗಳಲ್ಲಿ ಅಳೆದು ಶ್ರೇಣಿ ಕೊಡುವ ವ್ಯವಸ್ಥೆಗಳ ಬಗ್ಗೆ ಈಗೀಗ ಸಭೆಗಳಲ್ಲಿ ಮಾತು ಕೇಳಿಬರುತ್ತಿದೆ. ಅದನ್ನು ನಾನು ಒಪ್ಪುವುದಿಲ್ಲ. ದಾಖಲೆ ನೋಡಿದ ಅಧ್ಯಾಪಕಿ ಆ ವಿದ್ಯಾರ್ಥಿಯನ್ನು ಕರೆದು ‘ಏನಾಯಿತಮ್ಮ?’ ಎಂದು ಕೇಳುವುದಕ್ಕಷ್ಟೇ ಅದು ಬಳಕೆಯಾಗಬೇಕು.

ಕನ್ನಡದಲ್ಲಿ ಬರೆಸುವಾಗ ಎದುರಾದ ಒಂದು ಸಮಸ್ಯೆಯನ್ನು ಇಲ್ಲಿ ಬರೆಯಲೇಬೇಕು. ಇದು ಬೇರೆ ಕನ್ನಡ ಅಧ್ಯಾಪಕರಿಗೂ ಉಪಯೋಗವಾದೀತು. ಒಂದು ಪದದ ಉತ್ತರ ಕೇಳಿದಾಗ ಯಂತ್ರವೇ ತಿದ್ದುತ್ತದೆ. ‘ಅರ್ಥವ್ಯವಸ್ಥೆ’ ಎಂಬ ಉತ್ತರಕ್ಕೆ ಹತ್ತಾರು ಮಕ್ಕಳಿಗೆ ಸೊನ್ನೆ ಬಂದಿತ್ತು. ಪರದೆಯ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಇದ್ದಂತೆ ಕಾಣುತ್ತಿತ್ತು. ಕನ್ನಡಕ ಒರೆಸಿಕೊಂಡು ನೋಡಿದೆ. ಅವರು ಬರೆದದ್ದು ‘ಅಥ೯ವ್ಯವಸ್ಥೆ’. ಅರ್ಕಾವೊತ್ತು ಹಾಕುವ ಬಗೆ ಕೀಲಿಮಣೆಯಲ್ಲಿ ಸಿಗದೆ, ಅದನ್ನೇ ಹೋಲುವ ಒಂಬತ್ತರ ಅಂಕಿಯನ್ನು ಒತ್ತಿದ್ದರು. ‘ಹಣದುಬ್ಬರ’ವನ್ನು ಸರಿಯಾಗಿ ಬರೆದ ಹುಡುಗ ‘ಬ್ಯಾಂಕು’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಇಟ್ಟಿದ್ದ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಒಂದು ಅಕ್ಷರ, ಇನ್ನೊಂದು ಅಂಕಿ. ಮದುವೆಯ ಕರೆಯೋಲೆ, ಅಂಗಡಿಯ ಫಲಕ, ಫ್ಲೆಕ್ಸುಗಳಲ್ಲೂ ಈ ಒಂಬತ್ತು ಧಾರಾಳವಾಗಿ ಕಾಣುತ್ತದೆ. ಮಕ್ಕಳು ಅದನ್ನು ಕಂಡೇ ಕಲಿತಿದ್ದಾರೆ.

ಒಂದು ಪೂರ್ತಿ ಅವಧಿಯನ್ನು ಅರ್ಥಶಾಸ್ತ್ರ ಬಿಟ್ಟು ಬೆರಳಚ್ಚಿಗೆ ಕೊಟ್ಟೆ. ರಕಾರ, ಅದರ ಮುಂದೆ ಸ್ವರವನ್ನು ತೆಗೆಯುವ ಹಲಂತ ಚಿಹ್ನೆ, ಆಮೇಲೆ ಥಕಾರ; ಮೂರೂ ಸೇರಿದರೆ ಅರ್ಕಾವೊತ್ತು ತಾನಾಗಿಯೇ ಥಕಾರದ ಪಕ್ಕಕ್ಕೆ ಹೋಗಿ ಕೂರುತ್ತದೆ. ಬರೆಯುವ ಕ್ರಮ ಉಚ್ಚರಿಸುವ ಕ್ರಮವೇ ಎಂದು ತೋರಿಸಿದಾಗ ಹಲವರು ‘ಓ!’ ಎಂದರು. ಹತ್ತು ವರ್ಷದಿಂದ ಕನ್ನಡ ಓದುತ್ತಿದ್ದವರು ತಮ್ಮ ಲಿಪಿಯ ಜೋಡಣೆಯನ್ನು ಅಂದು ಮೊದಲ ಸಲ ಬಿಚ್ಚಿ ನೋಡಿದ್ದರು. ಜೊತೆಗೆ, ಯಂತ್ರದ ಉತ್ತರಪಟ್ಟಿಗೆ ಒಂಬತ್ತಿನ ರೂಪಗಳನ್ನೂ ಸೇರಿಸಿದೆ. ಅರ್ಥಶಾಸ್ತ್ರ ತಿಳಿದವನಿಗೆ ಕೀಲಿಮಣೆಯ ಕಾರಣಕ್ಕೆ ಸೊನ್ನೆ ಬೀಳಬಾರದು.

‘ಸ್ವಯಂ’ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. 2017ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಅದರಲ್ಲಿ ದೇಶದ ದೊಡ್ಡ ಸಂಸ್ಥೆಗಳ ಅಧ್ಯಾಪಕರ ಕೋರ್ಸುಗಳಿವೆ, ಓದುವುದಕ್ಕೆ ಶುಲ್ಕವಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮಾವಳಿಯಂತೆ ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಅಲ್ಲಿಂದ ಪಡೆಯಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ನನ್ನ ಮೂವರು ವಿದ್ಯಾರ್ಥಿಗಳು ಸೇರಿದರು, ಒಬ್ಬಳು ಮುಗಿಸಿದಳು. ಬಿಟ್ಟ ಇಬ್ಬರಿಗೂ ವಿಷಯ ಕಷ್ಟವಾಗಿರಲಿಲ್ಲ, ಇಂಗ್ಲಿಷ್ ಉಪನ್ಯಾಸದ ವೇಗ ಕಷ್ಟವಾಗಿತ್ತು. ಮುಗಿಸಿದವಳು ಪ್ರತಿ ಶನಿವಾರ ನನ್ನೊಡನೆ ಕುಳಿತು, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಕೇಳಿಕೊಂಡಳು. ಒಳ್ಳೆಯ ಕೋರ್ಸು ಅದು. ಕನ್ನಡದಲ್ಲಿ ಅಂಥವು ಬರಬೇಕೆಂದು ಮನಸಾರೆ ಬಯಸುತ್ತೇನೆ. ಬರುವವರೆಗೆ ಶನಿವಾರಗಳಿವೆ.

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದ ಮೇಲೆ ಈ ವ್ಯವಸ್ಥೆಗೆ ಪೆಟ್ಟು ಬಿತ್ತೇ ಎಂದು ಹಲವರು ಕೇಳುತ್ತಾರೆ. ಬಿತ್ತು. ‘ಹಣದುಬ್ಬರದ ಪರಿಣಾಮಗಳನ್ನು ವಿವರಿಸಿ’ ಎಂದರೆ ಇಪ್ಪತ್ತು ಮಂದಿಯಿಂದ ಒಂದೇ ಅಚ್ಚಿನ, ಒಂದೇ ನುಣುಪಿನ ಉತ್ತರ ಬರುತ್ತದೆ. ಮಕ್ಕಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎಲ್ಲಿಂದ ಬೇಕಾದರೂ ನಕಲು ಮಾಡಬಹುದಾದ ಪ್ರಶ್ನೆಯನ್ನು ನಾನೇ ಕೇಳುತ್ತಿದ್ದೆ. ಈಗ ‘ನಿಮ್ಮ ಮನೆಯ ಎದುರಿನ ಅಂಗಡಿಯಲ್ಲಿ ಕಳೆದ ಯುಗಾದಿಗೂ ಈ ಯುಗಾದಿಗೂ ಯಾವ ಮೂರು ಪದಾರ್ಥಗಳ ಬೆಲೆ ಎಷ್ಟೆಷ್ಟು ಬದಲಾಗಿದೆ, ಅಂಗಡಿಯವರು ಕೊಟ್ಟ ಕಾರಣವೇನು, ಅದು ನಿಮಗೆ ಒಪ್ಪಿಗೆಯೇ?’ ಎಂದು ಕೇಳುತ್ತೇನೆ. ಅಂಗಡಿಗೆ ಹೋಗಿ ಕೇಳದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಬರೆದದ್ದನ್ನು ತಂತ್ರಾಂಶದಿಂದ ಚೊಕ್ಕ ಮಾಡಿಸಿಕೊಂಡರೂ ಅದರೊಳಗೆ ಅಂಗಡಿಯವರ ಮಾತು ಇರಲೇಬೇಕಾಗುತ್ತದೆ.

ತಿಪಟೂರಿನ ಮಾರುಕಟ್ಟೆಗೆ ವೆಬ್ ನಮ್ಮ ತರಗತಿಗಿಂತ ಬಹಳ ಮೊದಲೇ ಬಂದಿತ್ತು ಎಂಬುದನ್ನೂ ನೆನೆಯಬೇಕು. ಕೃಷಿ ಉತ್ಪನ್ನಗಳನ್ನು ಆನ್‌ಲೈನ್‌ನಲ್ಲಿ ಮಾರುವ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದದ್ದು 2014ರಲ್ಲಿ, ಅಂಥದ್ದೇ ಕೇಂದ್ರದ ವೇದಿಕೆ ಇ-ನಾಮ್ 2016ರಲ್ಲಿ. ಕೊಬ್ಬರಿಯ ಇ-ಟೆಂಡರ್ ಎಷ್ಟಕ್ಕೆ ನಿಂತಿತು ಎಂಬುದು ಈ ಮಕ್ಕಳ ಅಪ್ಪಂದಿರ ಮೊಬೈಲಿಗೆ ಆ ದಿನವೇ ತಲುಪುತ್ತದೆ. ತಂತ್ರಜ್ಞಾನಕ್ಕೆ ಹೆದರುವವರು ಈ ಮನೆಗಳಲ್ಲಿ ಇರಲಿಲ್ಲ. ಹೆದರಿದ್ದು ಕಾಲೇಜಿನೊಳಗಿದ್ದ ನಾವು.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಡುತ್ತಿರುವುದು ಪದಕೋಶ. ಮೂಡಲ್‌ನಲ್ಲಿ ಅದಕ್ಕೊಂದು ಭಾಗವಿದೆ. ಪದವನ್ನೂ ವಿವರಣೆಯನ್ನೂ ವಿದ್ಯಾರ್ಥಿಗಳೇ ಸೇರಿಸುತ್ತಾರೆ, ನಾನು ಓದಿ ಒಪ್ಪಿಗೆ ಕೊಟ್ಟ ಮೇಲೆ ಎಲ್ಲರಿಗೂ ಕಾಣುತ್ತದೆ. ಕೆಳಗೆ ಬೇರೆಯವರು ಟಿಪ್ಪಣಿ ಬರೆಯಬಹುದು. ಆ ಪದ ಪಾಠದಲ್ಲಿ ಎಲ್ಲಿ ಬಂದರೂ ಅದರ ಮೇಲೆ ಒತ್ತಿದರೆ ವಿವರಣೆ ತೆರೆಯುವಂತೆ ಮಾಡಬಹುದು. ಕನ್ನಡದಲ್ಲಿ ಇದು ಅರ್ಧ ಮಾತ್ರ ಕೆಲಸ ಮಾಡುತ್ತದೆ. ‘ಬೇಡಿಕೆ’ ಎಂದು ಸೇರಿಸಿದರೆ ‘ಬೇಡಿಕೆಗೆ’, ‘ಬೇಡಿಕೆಯನ್ನು’ ಎಂಬಲ್ಲಿಯೂ ಹಿಡಿಯುತ್ತದೆ, ಇಡೀ ಪದಕ್ಕೇ ಹೊಂದಬೇಕೆಂಬ ಆಯ್ಕೆಯನ್ನು ತೆಗೆದಿದ್ದರೆ. ‘ಸರಕು’ ಎಂದು ಸೇರಿಸಿದರೆ ‘ಸರಕಿನ’ ಎಂಬಲ್ಲಿ ಹಿಡಿಯುವುದಿಲ್ಲ, ಉಕಾರ ಇಕಾರವಾಗಿರುತ್ತದೆ. ನಮ್ಮ ವಿಭಕ್ತಿಗಳನ್ನು ಆ ತಂತ್ರಾಂಶಕ್ಕೆ ಯಾರೂ ಕಲಿಸಿಲ್ಲ. ಮೂಡಲ್‌ನ ಒಳಗನ್ನು ಯಾರು ಬೇಕಾದರೂ ತಿದ್ದಬಹುದು ಎಂದೆನಲ್ಲ, ಕಂಪ್ಯೂಟರ್ ವಿಭಾಗದ ಇಬ್ಬರು ಮಕ್ಕಳು ಇದನ್ನು ಯೋಜನಾ ಕಾರ್ಯವಾಗಿ ಎತ್ತಿಕೊಂಡಿದ್ದಾರೆ. ಕನ್ನಡ ವಿಭಾಗದ ಸಹೋದ್ಯೋಗಿ ಅವರಿಗೆ ಸಂಧಿಯ ಪಾಠ ಮಾಡುತ್ತಿದ್ದಾರೆ. ಎರಡು ವಿಭಾಗಗಳು ಒಂದು ಮೇಜಿನ ಸುತ್ತ ಕುಳಿತದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಪದಕೋಶಕ್ಕೆ ಒಂದೇ ನಿಯಮ ಇಟ್ಟಿದ್ದೇನೆ: ಉದಾಹರಣೆ ನಿಮ್ಮ ಊರಿನದಾಗಿರಬೇಕು. ಕಳೆದ ವಾರ ಆ ಕಿಬ್ಬನಹಳ್ಳಿ ಕಡೆಯ ಹುಡುಗ ‘ದಾಸ್ತಾನು’ ಎಂಬ ಪದವನ್ನು ಸೇರಿಸಿದ. ದಾಸ್ತಾನಿಗೂ ಪೂರೈಕೆಗೂ ಇರುವ ವ್ಯತ್ಯಾಸವನ್ನು ಪಠ್ಯಪುಸ್ತಕ ಅರ್ಧ ಪುಟದಲ್ಲಿ ಹೇಳುತ್ತದೆ. ಅವನು ಬರೆದದ್ದು ಇಷ್ಟು: ‘ಅಟ್ಟದ ಮೇಲಿರುವುದು ದಾಸ್ತಾನು. ಈ ಬೆಲೆಗೆ ಕೊಡುತ್ತೇನೆ ಎಂದು ಅಪ್ಪ ಇಳಿಸಿದ್ದು ಪೂರೈಕೆ.’ ಓದಿದ ತಕ್ಷಣ ಒಪ್ಪಿಗೆ ಕೊಟ್ಟೆ. ಒಂದಕ್ಷರ ತಿದ್ದಲಿಲ್ಲ.

ಇಂದು ಬೆಳಿಗ್ಗೆ ಹಾಲು ಕಾಯಲಿಟ್ಟು ಮೊಬೈಲ್ ತೆರೆದರೆ ಅದರ ಕೆಳಗೆ ಟಿಪ್ಪಣಿಯೊಂದು ಬಂದಿತ್ತು. ವೇಳೆ ನಾಲ್ಕು ಗಂಟೆ ನಲವತ್ತು ನಿಮಿಷ. ಹೊನ್ನವಳ್ಳಿ ಕಡೆಯ ಆ ಹುಡುಗಿಯದು. ಅವಳ ಮನೆಗೆ ತೋಟವಿಲ್ಲ, ಎರಡು ಹಸುಗಳಿವೆ, ದಿನಕ್ಕೆರಡು ಸಲ ಡೇರಿಗೆ ಹಾಲು ಹಾಕುತ್ತಾರೆ. ‘ನಾವು ಹಾಲನ್ನು ಬೆಲೆ ಏರಲಿ ಎಂದು ಇಟ್ಟುಕೊಳ್ಳಲು ಆಗುವುದಿಲ್ಲ. ಹಾಲಿಗೆ ಅಟ್ಟವಿಲ್ಲ. ಹಾಗಾದರೆ ನಮ್ಮ ಮನೆಯಲ್ಲಿ ದಾಸ್ತಾನು ಯಾವುದು, ಪೂರೈಕೆ ಯಾವುದು, ಮೇಡಂ?’

ನಾನು ಉತ್ತರ ಬರೆದಿಲ್ಲ. ಇಂದು ರಾತ್ರಿಯ ಮೊದಲ ಪ್ರಶ್ನೆಯಾಗಿ ಅವಳ ಮಾತನ್ನೇ, ಅವಳ ಒಪ್ಪಿಗೆ ಕೇಳಿ, ಹಾಗೆಯೇ ಹಾಕಿದ್ದೇನೆ. ಸರಿಯುತ್ತರದ ಗುರುತು ಮಾಡಿಲ್ಲ.